ಬಳುವಳಿ

ಗದ್ದೆ ಮಾರಿದರೆ ಗದ್ದೆಯ ಜೊತೆ ಹೋಗುವವನು ಮಣ್ಣಾಳು,
ಮನೆ ಒಡೆದರೂ ಮನೆಯವರ ಹಿಂದೆ ನಡೆಯುವವನು ಹುಟ್ಟಾಳು.
ಅಪ್ಪ ಮಣ್ಣಿನವನು. ಅವ್ವ ಹುಟ್ಟಿನವಳು.
ನಾನು ಅಪ್ಪನ ಕಡೆಗೆ, ತಂಗಿ ಅವ್ವನ ಕಡೆಗೆ ಅಂತ
ಯಾರು ಹಂಚಿದರೋ, ಕೇಳುವ ವಯಸ್ಸಲ್ಲ ಅದು.

ಹಾನುಬಾಳಿನ ಪಟೇಲರ ಮಗಳ ಮದುವೆ.
ಶಾನುಭೋಗರು ಜಗಲಿಯ ಮೇಲೆ ಗಟ್ಟಿಯಾಗಿ ಓದಿದರು:
ಕಂಚಿನ ಹಂಡೆ ಎರಡು,
ಹಯನಿನ ಎಮ್ಮೆ ಒಂದು, ಕರುವಿನ ಸಮೇತ,
ಆಳು ಹೆಣ್ಣು ಒಂದು.
ಪಟ್ಟಿ ಬರೆದವರಿಗೆ ಗೊತ್ತಿತ್ತು,
ಕರು ಬಿಟ್ಟು ಎಮ್ಮೆ ಹಾಲಿಳಿಸದು.
ತಂಗಿಯ ಹಿಂದೆ ಹೇಮಾವತಿಯ ತನಕ ಅವ್ವ ಹೋದಳು.
ದೋಣಿಯವನು ಇಳಿಸಿದ.

ಎಷ್ಟೋ ವರ್ಷದ ಮೇಲೆ ತಮಟೆ ಬಡಿಸಿದರು.
ಬಡಿದವನು ನಮ್ಮಪ್ಪನೇ, ಪಟೇಲರು ಕಳಿಸಿದ್ದಕ್ಕೆ:
ಇನ್ನು ಮೇಲೆ ಯಾರೂ ಯಾರ ಆಳೂ ಅಲ್ಲವಂತೆ, ಕೇಳ್ರಪ್ಪೋ!
ಊರೆಲ್ಲ ಸಾರಿ ಬಂದು ತಮಟೆಯನ್ನು ಗೂಟಕ್ಕೆ ಸಿಕ್ಕಿಸಿ
ಪಟೇಲರ ಕೊಟ್ಟಿಗೆ ಗುಡಿಸಲು ಹೋದ.

ನಾನು ಬಿಳಿ ದೊರೆ ಕಾಡು ಕಡಿಸುತ್ತಿದ್ದ ಗುಡ್ಡಕ್ಕೆ ಹೋದೆ.
ದಿನಕ್ಕೆ ಎರಡಾಣೆ. ಐತಾರ ರಜ.
ರಜ ಅಂದರೇನು ಅಂತ ಮೇಸ್ತ್ರಿಯನ್ನು ಕೇಳಿದೆ, ನಕ್ಕ.
ನನಗೆ ತಿಳಿದದ್ದಿಷ್ಟು: ಐತಾರ ನಡೆಯಬಹುದು.

ಐತಾರ ಹುಟ್ಟಿದವಳು ಐತಿ.
ನಮ್ಮವರಿಗೆ ವಾರಗಳೇ ಹೆಸರು, ಏಳೇ ಏಳು.
ಗೋಣಿಬೀಡಿನ ಸಂತೆಯಲ್ಲಿ ನಿಂತು ಐತೀ ಅಂತ ಕೂಗಿದರೆ
ಒಣಮೀನಿನ ಕುಕ್ಕೆಯ ಬಳಿ ಮೂವರು,
ಉಪ್ಪಿನ ಗಾಡಿಯ ಹಿಂದೆ ಇಬ್ಬರು ತಿರುಗುತ್ತಾರೆ,
ರೆಪ್ಪೆ ಬಡಿಯುವಷ್ಟು ಹೊತ್ತು
ಐವರೂ ನನ್ನ ತಂಗಿಯರೇ.
ಆಮೇಲೆ ಅವರೇ ಕೇಳುತ್ತಾರೆ:
ನಮ್ಮಣ್ಣ ಬುದ್ದ, ಮೆಳ್ಳಗಣ್ಣು, ಎಲ್ಲಾದರೂ ಕಂಡೆಯಾ?

ಬಾಳೂರಿನ ಆ ಮನೆಯಲ್ಲಿ ಮದುಮಗಳು
ಮೊದಲ ಹೆರಿಗೆಯಲ್ಲೇ ಹೋದಳಂತೆ.
ಹಂಡೆಗಳು ವಾಪಸು ಬಂದವು.
ಎಮ್ಮೆ ಸತ್ತಿತ್ತು.
ಆಳಿನ ಸುದ್ದಿ ಯಾರಿಗೂ ನೆನಪಿಲ್ಲ.

ಕಳೆದ ಸುಗ್ಗಿಯಲ್ಲಿ, ಮೂಡಿಗೆರೆಯ ಆಚೆ,
ಕಾಫಿ ಸಸಿಯ ಮಡಿಗೆ ನೀರು ಹಾಕುತ್ತಿದ್ದಳು ಒಬ್ಬಳು.
ಹೆಸರು ಐತಿ. ಮೊಣಕೈ ಮೇಲೆ ಸುಟ್ಟ ಕಲೆ,
ಆಲೆಮನೆಯ ಪಾಕ ಸಿಡಿದ ಹಾಗೆ.
ಬಲಗೈ.
ಇಪ್ಪತ್ತು ವರ್ಷದಿಂದ ಸಂತೆಸಂತೆಗೆ ಎಡಗೈ ಅಂತ ಹೇಳುತ್ತ ಬಂದಿದ್ದೆ.
ಎದುರು ನಿಂತಿದ್ದರೆ ಎಡ, ಅವಳಿಗೆ ಬಲವಲ್ಲವೇ?
ಅಥವಾ ನಾನು ಆಗ ಪಕ್ಕದಲ್ಲಿ ಕೂತಿದ್ದೆನೇ?
ಅವ್ವನನ್ನು ಕೇಳೋಣವೆಂದರೆ
ಅವ್ವನ ಮೇಲೆ ದೊರೆಯ ಗಿಡ ಮೂರು ಬೆಳೆ ಕೊಟ್ಟಿದೆ.

ನಿಮ್ಮವ್ವನ ಹೆಸರೇನು, ಕೇಳಿದೆ.
ಕೊಡ ಕೆಳಗಿಟ್ಟು ಯೋಚಿಸಿದಳು:
ಅವ್ವ ಅಂತಿದ್ದೆ. ಬೇರೆ ಹೆಸರೂ ಇರುತ್ತಾ?

ಮುಂದಿನ ಐತಾರವೂ ಹೋದೆ, ಉಪ್ಪು ಒಯ್ದೆ.
ಅಳತೆ ಮಾಡದೆ ಮಡಿಲಿಗೆ ಸುರಿಸಿಕೊಂಡಳು.
ನನ್ನ ಕೈಯನ್ನೂ ತಿರುಗಿಸಿ ತಿರುಗಿಸಿ ನೋಡಿದಳು,
ಏನು ಹುಡುಕಿದಳೋ.
ಸಂತೆಯಲ್ಲಿ ಕೂಗುವುದನ್ನೂ ಬಿಟ್ಟಿಲ್ಲ.