ಕೂಲಿಯಿಲ್ಲದ ಏರು

ನಮ್ಮ ಮನೆಯಲ್ಲಿ ಬೆಟ್ಟವೆಂದರೆ ಕೆಲಸ.
ಅಪ್ಪ ಇದ್ವಾಲ್ ನಸುಕಿಗೇ ಹತ್ತಿ
ದಿನವಿಡೀ ಸ್ಲೇಟುಕಲ್ಲು ಸೀಳಿ
ಸಂಜೆ ಬೂದು ರೆಪ್ಪೆ ಹೊತ್ತು ಇಳಿಯುತ್ತಿದ್ದ.
ಭಾನುವಾರ ಬಣ್ಣದ ಜಾಕೀಟು ತೊಟ್ಟು
ಊರುಗೋಲೂರಿ ಹೋಗುವವರನ್ನು
ಕಿಟಕಿಯಿಂದ ಕಂಡು ಅಜ್ಜಿ ನಗುತ್ತಿದ್ದಳು:
"ನೋಡೇ ಎಲುನೆಡ್,
ಕೂಲಿ ಕೊಡದಿದ್ದರೂ ಹತ್ತುತ್ತಾವೆ!"

ನಾನೂ ನಕ್ಕೆ, ಐವತ್ತೇಳು ವರ್ಷ.
ಬೆಥೆಸ್ಡಾದ ಶಾಲೆಯ ಅಡುಗೆಮನೆಯಲ್ಲಿ
ಆಲೂಗಡ್ಡೆ ಸುಲಿಯುತ್ತ,
ಹಬೆ ಹಿಡಿದ ಗಾಜಿನಾಚೆ ಬೆಟ್ಟ ಇದೆಯೋ ಇಲ್ಲವೋ
ಒರೆಸಿ ನೋಡಿದವಳಲ್ಲ.

ಆಮೇಲೆ ಆ ಮೇ ತಿಂಗಳ ಗುರುವಾರ
ರೋದ್ರಿ ಎಂಬ ಪೋರ ಬುತ್ತಿ ಮರೆತ.
ಮೂರನೆಯ ತರಗತಿ ಆಗಲೇ ಕುರಿಗೋಡೆ ದಾಟಿತ್ತು.
ಡಬ್ಬಿ ಕಂಕುಳಲ್ಲಿ, ಏಪ್ರನ್ನು ಬಿಚ್ಚದೆ,
ಅಡುಗೆಮನೆಯ ಬಿಳಿ ಚಪ್ಪಲಿಯಲ್ಲೇ ಹೊರಟೆ.
ಇಲ್ಲೇ ಇರಬೇಕು, ಈ ತಿರುವು ಕಳೆದರೆ,
ಇನ್ನೊಂದು ತಿರುವು ಕಳೆದರೆ...
ಎದೆ ತಿದಿಯಾಯಿತು. ಜವುಗು ಒಂದು ಚಪ್ಪಲಿಯನ್ನು
ನುಂಗಿ, ಯೋಚಿಸಿ, ವಾಪಸು ಕೊಟ್ಟಿತು.

ಡಬ್ಬಿ ತೆರೆದು ಹುಡುಗ ಮುಖ ಹಿಂಡಿದ:
"ಮತ್ತೆ ಮೊಟ್ಟೆಯಾ?"

ಅವರೆಲ್ಲ ಇಳಿದರು. ಟೀಚರು ಕರೆದರು.
ಬಂದೆ ಎಂದೆ. ಹೋಗಲಿಲ್ಲ.
ಮೇಲೆ ಕಲ್ಲುಗುಪ್ಪೆಯೊಂದಿತ್ತು, ಅಷ್ಟೇ.
ಅದರಾಚೆ ಏನಿದೆಯೆಂದು
ಈ ಊರಲ್ಲೇ ಹುಟ್ಟಿದ ನನಗೆ ಗೊತ್ತಿರಲಿಲ್ಲ.

ಇದ್ದದ್ದು ಒಂದು ಕೆರೆ. ಗಾಳಿ.
ಯಾರ ಅಪ್ಪಣೆಗೂ ಕಾಯದ ಗಿಡ್ಡ ಕುದುರೆಗಳು, ನಾಲ್ಕು.
ಕೆಳಗೆ ಗಣಿಯ ಮೆಟ್ಟಿಲು ಮೆಟ್ಟಿಲು ಗಾಯ:
ಅಪ್ಪನ ಮೂವತ್ತೊಂದು ವರ್ಷ
ಅಂಗೈಯಗಲ.
ಅಲ್ಲಿಂದ ಅವನು ಎಂದಾದರೂ ತಲೆಯೆತ್ತಿ
ಈ ಕಡೆ ನೋಡಿದ್ದನೇ? ಕೇಳೋಣವೆಂದರೆ
ಧೂಳು ಅವನ ಉಸಿರಿನ ಲೆಕ್ಕ ಮುಗಿಸಿ
ಹತ್ತೊಂಬತ್ತು ವರ್ಷ.

ಅಂದು ಶಾಲೆಯ ಊಟ ತಡವಾಯಿತು, ಬೈಗುಳ ತಿಂದೆ.
ಶನಿವಾರ ಬಂಗೋರಿಗೆ ಹೋಗಿ ಬೂಟು ಕೊಂಡೆ,
ಗಂಡನಿಗೆ ಅರ್ಧ ಬೆಲೆ ಹೇಳಿದೆ.

ಈಗ ಮಂಡಿ ಇಳಿಯುವಾಗ ಬಯ್ಯುತ್ತದೆ,
ಹತ್ತುವಾಗ ಯಾಕೋ ಸುಮ್ಮನಿರುತ್ತದೆ.
ಎಳೆಯರು ದಾಟಿ ಹೋಗುತ್ತಾರೆ, ಹೋಗಲಿ.
ಕಲ್ಲುಗುಪ್ಪೆಗೆ ಬೆನ್ನು ಕೊಟ್ಟು
ಮೊಟ್ಟೆಯ ಸ್ಯಾಂಡ್‌ವಿಚ್ಚು ಬಿಚ್ಚುತ್ತೇನೆ.

ಅಜ್ಜಿಯ ಕಿಟಕಿಯಲ್ಲೀಗ ಬೇರೆಯವರ ಪರದೆ.
ಆದರೂ ಆ ಬೀದಿ ಬಂದಾಗ
ಊರುಗೋಲನ್ನು ಬೆನ್ನ ಹಿಂದೆ ಅಡಗಿಸಿ
ಸರಸರ ನಡೆಯುತ್ತೇನೆ,
ಕೂಲಿಗೆ ಹೊರಟವಳ ಹಾಗೆ.