ಲಾಗ್ ಬುಕ್ಕಿಗೆ ಸೇರದ್ದು

ಇಪ್ಪತ್ತೆರಡು ವರ್ಷ ನಾನು
ವಿಮಾನದ ಹೊಟ್ಟೆಯ ಕೆಳಗೆ ಅಂಗಾತ ಮಲಗಿದ್ದವನು.
ಗ್ರೀಸು, ಹೈಡ್ರಾಲಿಕ್ ಎಣ್ಣೆ, ಚಕ್ರದ ಕಾಲು.
ನನ್ನ ಸಹಿ ಬೀಳದೆ ಯಾವ ಪೈಲಟ್ಟೂ
ಏಣಿ ಹತ್ತುವ ಹಾಗಿರಲಿಲ್ಲ.
ಮೇಲೆ ಹೋದದ್ದು ಮಾತ್ರ ಅವರು.
ನಾನು ಕಿವಿಗೆ ಹತ್ತಿ ತುರುಕಿ, ಕತ್ತೆತ್ತಿ
ಹೋದವರನ್ನು ಎಣಿಸಿ, ಬಂದವರನ್ನು ಎಣಿಸಿ
ಚಹಾ ಕುಡಿದವನು.

ಈಗ ನಾಪೋಕ್ಲಿನಲ್ಲಿ, ರಾತ್ರಿ ಒಂಬತ್ತೂವರೆಗೆ
ಊಟದ ಮೇಜಿನ ತುದಿಗೆ ಜಾಯ್‌ಸ್ಟಿಕ್ ಬಿಗಿದು
ನಾನೂ ಪೈಲಟ್.

ಮೊದಲ ವಾರ ನೆಲವನ್ನೇ ಬಿಡಲಿಲ್ಲ.
ಎಂಜಿನ್ ಗುಡುಗುತ್ತದೆ, ಹೊಗೆ ಕಾರುತ್ತದೆ,
ವಿಮಾನ ಮಾತ್ರ ಹಟ ಹಿಡಿದ ಹೋರಿ.
ಹಿಂದೆ ಸಾಲು ನಿಂತ ಆರು ಜನ
ಏಳು ಭಾಷೆಯಲ್ಲಿ ಬೈದರು.
ಕೊನೆಗೆ ವಿರಾಜಪೇಟೆಯ ಸಿನಾನ್
(ಪಿಯುಸಿ ಹುಡುಗ, ಅಪ್ಪನದು ಚಪ್ಪಲಿ ಅಂಗಡಿ,
ಆಕಾಶದಲ್ಲಿ ನನ್ನ ಜೊತೆಗಾರ)
ಮೆಲ್ಲಗೆ ಕೇಳಿದ:
'ಅಂಕಲ್, ಪಾರ್ಕಿಂಗ್ ಬ್ರೇಕ್ ತೆಗೆದ್ರಾ?'

ಎರಡನೆಯ ವಾರ ಹಾರಿದೆ.
ಮೋಡದ ಸಂದಿಯಲ್ಲಿ ಶತ್ರು ಸಿಕ್ಕಿದ.
ಅಜ್ಜ ಕಾಡುಹಂದಿಗೆ ಕಾಯುತ್ತಿದ್ದ ಹಾಗೆ
ಉಸಿರು ಬಿಗಿಹಿಡಿದು, ಹಿಂದೆ ಹಿಂದೆಯೇ ಹೋಗಿ
ಒತ್ತಿದೆ.
ರೆಕ್ಕೆ ಕಿತ್ತು ಹಾರಿತು. ಎಂಥ ಗುರಿ!
ಹೆಡ್‌ಫೋನಿನಲ್ಲಿ ಸಿನಾನ್:
'ಅಂಕಲ್, ಅದು ನಾನು.'

ಮೈಕ್ ಮುಚ್ಚಲು ಮರೆತದ್ದಕ್ಕೆ ಲೆಕ್ಕವಿಲ್ಲ.
ನಲವತ್ತು ಜನ ಸದ್ದಡಗಿಸಿ ದಾಳಿಗೆ ಹೊರಟಾಗ
ಪೋಲೆಂಡಿನವನೊಬ್ಬ ಕಿರುಚಿದ, ಕ್ಷಿಪಣಿ! ಕ್ಷಿಪಣಿ!
ನಲವತ್ತು ವಿಮಾನ ನಲವತ್ತು ದಿಕ್ಕಿಗೆ ಚೆಲ್ಲಿದವು.
ಅದು ನಮ್ಮ ದೇಚಮ್ಮನ ಕುಕ್ಕರು, ಮೂರನೆಯ ಸೀಟಿ.
ಬೆನ್ನಿಗೇ ಅವಳ ದನಿ:
'ಕಡಂಬುಟ್ಟು ಆರ್ತಾ ಇದೆ, ಯುದ್ಧ ಸಾಕು.'
ಆಮೇಲೆ ಆ ಪೋಲೆಂಡಿನವ
ನನ್ನನ್ನು ಕಂಡಾಗಲೆಲ್ಲ ನಮಸ್ಕಾರದ ಬದಲು
'ಕಡಂಬುಟ್ಟು' ಅನ್ನುತ್ತಾನೆ. ಉಚ್ಚಾರಣೆ ಪರವಾಗಿಲ್ಲ.

ಚಕ್ರ ಇಳಿಸುವ ಗುಂಡಿ, ಹೊರಗೆ ಜಿಗಿಯುವ ಗುಂಡಿ,
ಎರಡನ್ನೂ ಅಕ್ಕಪಕ್ಕ ಇಟ್ಟವನು ನಾನೇ.
ಓಡುದಾರಿ ಎದುರಿಗೆ, ಗಾಳಿ ನೆಟ್ಟಗೆ, ಎಲ್ಲ ಸರಿ.
ಠಪ್! ನಾನು ಕೊಡೆಯ ಕೆಳಗೆ ತೂಗುತ್ತಿದ್ದೆ.
ನಾನಿಲ್ಲದ ವಿಮಾನ ತನ್ನಷ್ಟಕ್ಕೆ ಇಳಿದು
ಹೊಟ್ಟೆ ಎಳೆದುಕೊಂಡು ಹೋಗಿ ನಿಂತಿತು.
ನನಗಿಂತ ಚೆನ್ನಾಗಿಯೇ.

ಇದೊಂದನ್ನು ದೇಚಮ್ಮನಿಗೂ ಹೇಳಿಲ್ಲ.
ಗುಂಡಿ ಬೇರೆ ಮಾಡಿ, ಚೀಟಿ ಅಂಟಿಸಿ,
ಹೂವಿನ ಮೇಲೆ ದುಂಬಿ ಕೂತ ಹಾಗೆ ಇಳಿಯುತ್ತಿದ್ದೆ.
ಎಲ್ಲರೂ ನೋಡುತ್ತಿದ್ದರು.
ಕಿಡಿ ಹಾರಿತು. ಕರ್ರೆಂದು ಕಬ್ಬಿಣದ ಸದ್ದು.
ಚಕ್ರ ಇಳಿಸಿರಲಿಲ್ಲ.
ಇಪ್ಪತ್ತೆರಡು ವರ್ಷ ಚಕ್ರವೇ ಅನ್ನ ಕೊಟ್ಟವನಿಗೆ
ಚಕ್ರ ಮರೆತಿತ್ತು.
ನಕ್ಕು ನಕ್ಕು ಸುಸ್ತಾದ ಸಿನಾನ್ ಕೇಳಿದ,
'ಅಂಕಲ್, ನೀವು ಏರ್‌ಫೋರ್ಸಲ್ಲಿ ಏನು ಕೆಲಸ?'
'ಅಕೌಂಟ್ಸು' ಅಂದೆ.

ಕೈಲ್ ಪೊಳ್ದ್ ದಿನ ಕೋವಿ ಒರೆಸಿಟ್ಟು
ತೋಕ್ ಪೂ ಸಿಕ್ಕಿಸುವಾಗ
ಪಕ್ಕದಲ್ಲಿ ಏನೋ ಕಪ್ಪಗೆ. ಜಾಯ್‌ಸ್ಟಿಕ್.
ಅದಕ್ಕೂ ಒಂದು ಹೂವು, ಗಂಧದ ಬೊಟ್ಟು.
ಇಟ್ಟವಳು ಅಡುಗೆಮನೆಯಲ್ಲಿ ಹಂದಿ ಸಾರು ಕಲಕುತ್ತಿದ್ದಳು,
ತಿರುಗಿಯೂ ನೋಡಲಿಲ್ಲ.

ಅವತ್ತು ರಾತ್ರಿ ಗಂಧದ ಬೊಟ್ಟು ಹೆಬ್ಬೆರಳಿಗೆ ಹತ್ತುತ್ತ
ಕತ್ತಲಲ್ಲಿ, ಅರ್ಧ ಎಣ್ಣೆಯಲ್ಲಿ, ದಿಕ್ಕು ತಪ್ಪಿ
ಕಂಡ ದೀಪದ ಸಾಲಿಗೆ ಇಳಿದೆ.
ಮೂರು ಹಸಿರು ದೀಪ ಎಣಿಸಿದೆ. ಮತ್ತೆ ಎಣಿಸಿದೆ.
ಧೂಳೇಳದ ಹಾಗೆ ನೆಲ ಮುಟ್ಟಿ
ಸಾಲಿನ ಕೊನೆಯಲ್ಲಿ ಸಭ್ಯವಾಗಿ ನಿಲ್ಲಿಸಿ
ಎಂಜಿನ್ ಆರಿಸಿ ಸುತ್ತ ನೋಡಿದರೆ
ಒಂದು ಬಾಲದ ಗುರುತೂ ನಮ್ಮದಲ್ಲ.

ಯಾಕೋ ಯಾರೂ ಗುಂಡು ಹಾರಿಸಲಿಲ್ಲ.
ಇಳಿಸಿದ್ದು ಚೆನ್ನಾಗಿತ್ತು ಎಂದು
ಪರದೆಯ ಮೇಲೆ ಒಬ್ಬ ಶತ್ರು ಬರೆದ.
ಏನು ಬರೆಯಲಿ?
ಅವನ ವಿಮಾನ ಎಡಕ್ಕೆ ಕೂದಲೆಳೆಯಷ್ಟು ವಾಲಿತ್ತು.
'ನಿಮ್ಮ ಎಡಗಾಲು ಕುಸಿದಿದೆ,
ಹಾರುವ ಮುಂಚೆ ಯಾರಿಗಾದರೂ ತೋರಿಸಿ'
ಎಂದು ಒತ್ತಿದೆ.

ಹೆಡ್‌ಫೋನಿನಲ್ಲಿ ಸಿನಾನ್
ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.