ಗುರುತು

ನಾಪೋಕ್ಲು ಶಾಲೆಯ ಮೂಲೆಯಲ್ಲಿ
ಎರಡು ಬೆಂಚು ನಿಲ್ಲಿಸಿ ಹಳೇ ಬೆಡ್‌ಶೀಟು ಕಟ್ಟಿದ್ದಾರೆ.
ಅದರ ಹಿಂದೆ ನಾನು, ಅಂಗನವಾಡಿ ಟೀಚರು.
ಮುಸುಕಿನವರು ಬಂದರೆ ಮುಖ ನೋಡಿ, ಪಟ್ಟಿಗೆ ತಾಳೆ ಹಾಕಿ
'ಇವರೇ' ಅನ್ನಬೇಕು.

ಬೆಳಗಿನಿಂದ ಹದಿನೇಳು ಮುಖ.
ಏಜೆಂಟ್ ಹುಡುಗ ಶೀಟಿನ ಆಚೆ ಕೆಮ್ಮುತ್ತಾನೆ:
'ಸರಿಯಾಗಿ ನೋಡಿ ಅಕ್ಕಾ, ಎಲ್ಲ ಒಂದೇ ಥರ ಇರ್ತಾರೆ.'

ಒಂದೇ ಥರವಂತೆ!
ಚಪ್ಪಲಿ ಎಳೆಯುವ ಸದ್ದಿಗೇ ಗೊತ್ತು ನನಗೆ, ರಂಸೀನ.
ಮೂರು ಮಕ್ಕಳನ್ನು ನನ್ನ ತಕ್ಕಡಿಗೆ ಹಾಕಿದವಳು,
ಕಡೆಯದು ಇನ್ನೂರು ಗ್ರಾಂ ಕಮ್ಮಿ ತೂಗಿದಾಗ
ಮೊಟ್ಟೆ ಬುಟ್ಟಿಯತ್ತ ನೋಡಿ, ಕೇಳದೆ ಹೋದವಳು.
ಹೆಬ್ಬೆರಳಿಗೆ ಕರಿಮೆಣಸು ಬಿಡಿಸಿದ ಕಪ್ಪು.

ಆದರೂ ನಿಯಮ. ಎತ್ತಮ್ಮಾ, ಅಂದೆ.
ಎತ್ತಿದಳು,
ಅನ್ನ ಬೆಂದಿತಾ ಎಂದು ಮುಚ್ಚಳ ಎತ್ತುವಷ್ಟು ಸಲೀಸಾಗಿ.
ಮೂಗಿನ ತುದಿಗೆ ಬೆವರು. ತುಟಿಯಂಚಿನಲ್ಲಿ
ಬೆಳಗಿನ ಪತ್ತಿರಿಯ ಚೂರು.
ಪಟ್ಟಿಯ ಫೋಟೋದಲ್ಲಿ ಯಾರೋ ಹೆದರಿದ ಹುಡುಗಿ.
ಅದಕ್ಕಿಂತ ಆ ಚಪ್ಪಲಿಯ ಸದ್ದೇ ಇವಳ ಹಾಗಿತ್ತು.

ಅವಳೂ ನೋಡಿದಳು,
ಪಟ್ಟಿಯನ್ನಲ್ಲ, ನನ್ನನ್ನು.
'ಎಂಥಾಯ್ತು ಟೀಚರೇ? ರಾತ್ರಿಯೆಲ್ಲ ಅತ್ತಿದ್ದೀರಾ?'

ಐದೂವರೆಗೆ ಬಂದವಳು ನಾನು, ಬರೀ ಮುಖದಲ್ಲಿ.
ಪೊಲೀಸು, ಆಫೀಸರು, ಏಜೆಂಟರು, ಸಾಲು ನಿಂತ ಅರ್ಧ ಊರು,
ಎಲ್ಲರ ಕಣ್ಣೆದುರೇ ಇತ್ತು.

'ಇವರೇ' ಅಂದೆ ಆಚೆಗೆ. ಸ್ವರ ಸ್ವಲ್ಪ ಒಡೆಯಿತು.
ಮುಸುಕು ಇಳಿಸಿ, ನನ್ನ ಮೊಣಕೈ ಒಮ್ಮೆ ಒತ್ತಿ,
ಅವಳು ಶಾಯಿಯ ಕಡೆ ಹೋದಳು.

ಮುಂದಿನವರನ್ನು ಒಂದು ಗಳಿಗೆ ತಡೆಯಿರಿ ಅಂದೆ.
ಶೀಟು ಸರಿದಿತ್ತು ಒಂದು ಕಡೆ,
ಎಳೆದುಕೊಂಡೆ.